ಸದನದ ಮುಂದೆ ‘ಇಟ್ಟ’ ನಿಯಮ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಮನೆಯವರೆಲ್ಲ ಸೇರಿ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಮಾಡಿ ಪೊಟ್ಟಣ ಕಟ್ಟಿ ಮಾರುತ್ತೇವೆ. ಕೆಲವು ವರ್ಷದ ಹಿಂದೆ ಪೊಟ್ಟಣದ ಮೇಲೆ ಗ್ರಾಂಗೆ ಎಷ್ಟು ಬೆಲೆ ಅಂತಲೂ ಅಚ್ಚು ಹಾಕಿಸಬೇಕು ಎಂದರು. ಸಂಸತ್ತಿನಲ್ಲಿ ಇದು ಯಾವಾಗ ಚರ್ಚೆಯಾಯಿತು ಎಂದು ಹುಡುಕಿದೆ, ಸಿಗಲಿಲ್ಲ. ಕಾಯ್ದೆಯಲ್ಲಿ ‘ನಿಯಮಗಳನ್ನು ಎರಡೂ ಸದನಗಳ ಮುಂದೆ ಇಡಬೇಕು’ ಎಂದು ಮಾತ್ರ ಇದೆ. ಹಾಗೆ ಇಟ್ಟರೆ ಏನಾಗುತ್ತದೆ? ರಾಜ್ಯಸಭೆ ಅದನ್ನು ತಡೆಯಬಹುದಾ? ನನ್ನಂಥವರು ಅಲ್ಲಿಗೆ ಬರೆದರೆ ಪ್ರಯೋಜನ ಉಂಟಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪ್ರಯೋಜನ ಉಂಟು. ಆದರೆ ಏನು ಬರೆಯಬೇಕು, ಯಾರಿಗೆ ಬರೆಯಬೇಕು ಅನ್ನುವುದು ಮುಖ್ಯ. ಅದು ಗೊತ್ತಾಗಬೇಕಾದರೆ ನೀವು ಕೇಳಿದ ಉಳಿದ ಎರಡು ಪ್ರಶ್ನೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಿಮ್ಮ ಪೊಟ್ಟಣದಿಂದಲೇ ಶುರು ಮಾಡೋಣ. ನಮ್ಮ ಊರುಗಳಲ್ಲಿ ತೂಕ ಅಳತೆಯವರು ಅನ್ನುತ್ತೇವಲ್ಲ, ಅವರು ಜಾರಿ ಮಾಡುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯನ್ನು. ಈ ಕಾಯ್ದೆ ಸಂಸತ್ತಿನ ಎರಡೂ ಸದನಗಳಲ್ಲಿ ಮಸೂದೆಯಾಗಿ ಬಂದು ಪಾಸಾಯಿತು. ಆದರೆ ಪೊಟ್ಟಣದ ಮೇಲೆ ಏನೇನು ಬರೆದಿರಬೇಕು ಎಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಯ್ದೆಯ 18ನೇ ಸೆಕ್ಷನ್ ಹೇಳುವುದು ಇಷ್ಟು: ನಿಯಮದಲ್ಲಿ ಹೇಳಿದ ವಿವರಗಳು, ನಿಯಮದಲ್ಲಿ ಹೇಳಿದ ರೀತಿಯಲ್ಲಿ ಇಲ್ಲದ ಪೊಟ್ಟಣವನ್ನು ಯಾರೂ ತಯಾರಿಸಬಾರದು, ಮಾರಬಾರದು. ಮುಂದೆ 52ನೇ ಸೆಕ್ಷನ್, ಆ ನಿಯಮಗಳನ್ನು ಕೇಂದ್ರ ಸರ್ಕಾರ ಮಾಡಬಹುದು ಎನ್ನುತ್ತದೆ.

ಅಂದರೆ ಸಂಸತ್ತು ಚೌಕಟ್ಟು ಹಾಕಿತು. ಒಳಗಿನದನ್ನು ತುಂಬುವ ಕೆಲಸವನ್ನು ಸರ್ಕಾರಕ್ಕೆ ಕೊಟ್ಟಿತು. ಹೀಗೆ ಬಂದದ್ದು 2011ರ ಪೊಟ್ಟಣ ಸರಕುಗಳ ನಿಯಮಗಳು. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಯಾರನ್ನು ಸಂಪರ್ಕಿಸಬೇಕು, ಇದೆಲ್ಲ ಅದರಲ್ಲಿದೆ. 2021ರ ನವೆಂಬರ್‌ನಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂತು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು, ಜಾಸ್ತಿ ಇದ್ದರೆ ಕಿಲೋಗೆ ಎಷ್ಟು ಎಂದು ಬರೆಯಬೇಕು ಎಂಬ ಮಾತು ಬಂದದ್ದು ಅದರಲ್ಲಿ. 250 ಗ್ರಾಂ ಚಟ್ನಿಪುಡಿಗೆ 80 ರೂಪಾಯಿ ಇಟ್ಟರೆ ಗ್ರಾಂಗೆ 32 ಪೈಸೆ ಎಂದು ನೀವು ಈಗ ಅಚ್ಚು ಹಾಕಿಸುತ್ತೀರಲ್ಲ, ಆ ಒಂದು ಸಾಲಿಗೆ ಮಸೂದೆಯೂ ಬರಲಿಲ್ಲ, ಮತದಾನವೂ ಆಗಲಿಲ್ಲ. ಸಚಿವಾಲಯದಲ್ಲಿ ಬರೆದು, ಗೆಜೆಟ್‌ನಲ್ಲಿ ಪ್ರಕಟಿಸಿ, ಜಾರಿಗೆ ತಂದರು. ನಿಮಗೆ ಚರ್ಚೆ ಸಿಗದಿದ್ದದ್ದು ಇದಕ್ಕೇ.

ಇದು ತಪ್ಪೇನಲ್ಲ. ಅಕ್ಷರ ಎಷ್ಟು ಎತ್ತರ ಇರಬೇಕು, ಯಾವ ಪುಡಿಗೆ ಯಾವ ಅಳತೆ ಎಂದು ಸಂಸತ್ತು ಕೂತು ಬರೆಯಲು ಆಗುವುದಿಲ್ಲ. ಆದರೆ ಕೊಡುವುದಕ್ಕೂ ಮಿತಿ ಇದೆ. 1951ರಲ್ಲೇ ಸುಪ್ರೀಂ ಕೋರ್ಟ್ ದೆಹಲಿ ಕಾನೂನುಗಳ ಪ್ರಕರಣದಲ್ಲಿ ಇದನ್ನು ಹೇಳಿತು. ಕಾನೂನಿನ ನೀತಿ ಏನು ಎಂದು ತೀರ್ಮಾನಿಸುವ ಮೂಲ ಕೆಲಸವನ್ನು ಶಾಸನಸಭೆ ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ, ವಿವರ ತುಂಬುವುದನ್ನು ಬಿಡಬಹುದು. ಹೀಗೆ ಸರ್ಕಾರ ಮಾಡುವ ನಿಯಮಗಳಿಗೆ ಅಧೀನ ಶಾಸನ ಎನ್ನುತ್ತಾರೆ. ಕಾಯ್ದೆಗೆ ಅಧೀನ, ಅದನ್ನು ಮೀರುವ ಹಾಗಿಲ್ಲ. ಮೀರಿದೆಯೋ ಇಲ್ಲವೋ ಎಂದು ನೋಡುವವರು ಬೇಕಲ್ಲ. ಅಲ್ಲಿ ಬರುತ್ತದೆ ನೀವು ಕೇಳಿದ ‘ಸದನದ ಮುಂದೆ ಇಡುವುದು’.

ರಾಜ್ಯಸಭೆ ಬೆಳಗ್ಗೆ 11ಕ್ಕೆ ಸೇರುತ್ತದೆ. ಉಪರಾಷ್ಟ್ರಪತಿಯೇ ಅದರ ಸಭಾಪತಿ. ಆ ದಿನದ ಕಲಾಪ ಪಟ್ಟಿಯ ಮೇಲ್ಭಾಗದಲ್ಲೇ ‘ಮಂಡಿಸಬೇಕಾದ ಕಾಗದಪತ್ರಗಳು’ ಎಂಬ ಭಾಗ ಇರುತ್ತದೆ. ವಾರ್ಷಿಕ ವರದಿಗಳ ಜೊತೆಗೆ ಗೆಜೆಟ್ ಅಧಿಸೂಚನೆಗಳು, ಒಂದೊಂದಕ್ಕೂ ಜಿ.ಎಸ್.ಆರ್. ಅಥವಾ ಎಸ್.ಒ. ಎಂಬ ನಂಬರ್. ಸಭಾಪತಿ ಹೆಸರು ಕರೆಯುತ್ತಾರೆ. ಸಚಿವರು ಎದ್ದು ‘ನನ್ನ ಹೆಸರಿನ ಮುಂದೆ ನಮೂದಾದ ಕಾಗದಗಳನ್ನು ಸದನದ ಮುಂದೆ ಇಡುತ್ತೇನೆ’ ಎನ್ನುತ್ತಾರೆ, ಕೂರುತ್ತಾರೆ. ಅಷ್ಟೇ. ಹತ್ತಾರು ನಿಯಮಗಳು ಹೀಗೆ ಕೆಲವೇ ನಿಮಿಷಗಳಲ್ಲಿ ಸದನಕ್ಕೆ ಬಂದುಬಿಡುತ್ತವೆ. ಆಮೇಲೆ ಶೂನ್ಯ ವೇಳೆ. 12ಕ್ಕೆ ಪ್ರಶ್ನೋತ್ತರ ವೇಳೆ. ಊಟದ ನಂತರ ಮಸೂದೆಗಳು. ಗದ್ದಲವಾಗಿ ಸದನ ಮುಂದೂಡಿದ ದಿನ ಕೂಡ ಬಹಳ ಸಲ ಈ ಕಾಗದ ಇಡುವ ಕೆಲಸ ಮುಗಿದಿರುತ್ತದೆ. ಟಿವಿಯಲ್ಲಿ ನಾವು ನೋಡುವುದು ಗದ್ದಲವನ್ನು. ಆ ಕಾಗದಗಳನ್ನು ಯಾರೂ ತೋರಿಸುವುದಿಲ್ಲ.

ಕಾಗದ ಇಟ್ಟ ದಿನದಿಂದ ಗಡಿಯಾರ ಶುರು. ಹೆಚ್ಚಿನ ಕೇಂದ್ರ ಕಾಯ್ದೆಗಳಲ್ಲಿ ಒಂದೇ ಥರದ ವಾಕ್ಯ ಇರುತ್ತದೆ. ನಿಯಮ 30 ದಿನ ಪ್ರತಿ ಸದನದ ಮುಂದೆ ಇರಬೇಕು. ಆ 30 ದಿನ ಒಂದೇ ಅಧಿವೇಶನದಲ್ಲಿ ಮುಗಿಯಬಹುದು, ಎರಡು ಮೂರು ಅಧಿವೇಶನಗಳಿಗೂ ಹರಡಬಹುದು. ಅದರ ನಂತರದ ಅಧಿವೇಶನ ಮುಗಿಯುವುದರೊಳಗೆ ‘ಎರಡೂ ಸದನಗಳು’ ಒಪ್ಪಿ ಬದಲಾವಣೆ ಮಾಡಿದರೆ ನಿಯಮ ಆ ಬದಲಾದ ರೂಪದಲ್ಲಿ ಉಳಿಯುತ್ತದೆ. ಬೇಡ ಎಂದು ‘ಎರಡೂ ಸದನಗಳು’ ಒಪ್ಪಿದರೆ ಅಲ್ಲಿಂದ ಮುಂದೆ ಬಿದ್ದುಹೋಗುತ್ತದೆ. ಅಷ್ಟರವರೆಗೆ ಆ ನಿಯಮದಡಿ ಆದದ್ದಕ್ಕೆ ಬಾಧೆ ಇಲ್ಲ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಈ ದಿನಗಳಲ್ಲೆಲ್ಲ ನಿಯಮ ಜಾರಿಯಲ್ಲೇ ಇರುತ್ತದೆ. ಸದನದ ಒಪ್ಪಿಗೆಗೆ ಕಾಯುವುದಿಲ್ಲ. ಇನ್ನೊಂದು, ‘ಎರಡೂ’ ಎಂಬ ಪದ. ರಾಜ್ಯಸಭೆಯ ಅಷ್ಟೂ ಸದಸ್ಯರು ಒಂದೇ ದನಿಯಲ್ಲಿ ಬೇಡ ಎಂದರೂ ಲೋಕಸಭೆ ಒಪ್ಪದಿದ್ದರೆ ನಿಯಮ ಅಲುಗಾಡುವುದಿಲ್ಲ. ಲೋಕಸಭೆಯಲ್ಲಿ ಬಹುಮತ ಇರುವುದು ಆ ನಿಯಮ ಮಾಡಿದ ಸರ್ಕಾರಕ್ಕೇ ಅಲ್ವಾ? ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ರಾಜ್ಯಸಭೆ ಒಂದೇ ನಿಂತು ನಿಯಮವನ್ನು ತಡೆಯಲಾರದು.

ಬೇರೆ ಕಡೆ ಹೀಗಿಲ್ಲ. ಆಸ್ಟ್ರೇಲಿಯಾದಲ್ಲಿ ಮೇಲ್ಮನೆಗೆ ಸೆನೆಟ್ ಎನ್ನುತ್ತಾರೆ. ಅಲ್ಲಿ ನಿಯಮ ಪರಿಶೀಲನೆಗೆ 1932ರಿಂದಲೇ ಸಮಿತಿ ಇದೆ. ಅಲ್ಲಿ ಒಂದು ಸದನ ಬೇಡ ಎಂದರೆ ಸಾಕು, ನಿಯಮ ಹೋಗುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ಇನ್ನೊಂದು ಏರ್ಪಾಡು. ಸದಸ್ಯರೊಬ್ಬರು ಗಡುವಿನೊಳಗೆ ‘ಈ ನಿಯಮ ಬೇಡ’ ಎಂದು ಸೂಚನೆ ಕೊಟ್ಟರು ಎನ್ನಿ. 15 ಕಲಾಪದ ದಿನಗಳಲ್ಲಿ ಸದನ ಅದನ್ನು ಇತ್ಯರ್ಥ ಮಾಡದೆ ಹಾಗೇ ಬಿಟ್ಟರೆ, ನಿಯಮ ತಾನಾಗಿಯೇ ರದ್ದು. ಅಲ್ಲಿ ಸಮಯ ಸಿಗಲಿಲ್ಲ ಎಂಬುದು ಸರ್ಕಾರಕ್ಕೆ ನಷ್ಟ. ನಮ್ಮಲ್ಲಿ ಸಮಯ ಸಿಗಲಿಲ್ಲ ಅಂದರೆ ನಿಯಮ ಉಳಿಯಿತು ಅಂತ ಅರ್ಥ. ನಮ್ಮ ಕಾಯ್ದೆಗಳಲ್ಲೂ ‘ಎರಡೂ ಸದನಗಳು’ ಎಂಬುದು ‘ಯಾವುದಾದರೂ ಒಂದು ಸದನ’ ಎಂದಾಗಬೇಕು ಎಂದು ನಾನು ನಂಬುತ್ತೇನೆ. ಕಾಯ್ದೆಯನ್ನು ಪಾಸು ಮಾಡಲು ಎರಡು ಸದನ ಬೇಕಿತ್ತು. ಆ ಕಾಯ್ದೆ ಕೊಟ್ಟ ಅಧಿಕಾರವನ್ನು ಸರ್ಕಾರ ಮೀರಿದಾಗ ನಿಲ್ಲಿಸಲು ಒಂದು ಸದನಕ್ಕೂ ಆಗಬೇಡವೇ?

ಹಾಗಂತ ರಾಜ್ಯಸಭೆಯ ಚರ್ಚೆ ವ್ಯರ್ಥ ಎಂದುಕೊಳ್ಳಬೇಡಿ. ಒಂದು ನಿಜ ಘಟನೆ ಹೇಳುತ್ತೇನೆ. 2011ರ ಏಪ್ರಿಲ್‌ನಲ್ಲಿ ಇಂಟರ್‌ನೆಟ್ ಮಧ್ಯವರ್ತಿಗಳ, ಅಂದರೆ ಬೇರೆಯವರ ಬರಹಕ್ಕೆ ಜಾಗ ಕೊಡುವ ವೆಬ್‌ಸೈಟ್‌ನಂಥವರ, ನಿಯಮಗಳು ಬಂದವು. ಯಾವುದಾದರೂ ಬರಹ ‘ಅವಹೇಳನಕಾರಿ’, ‘ತೀರಾ ಹಾನಿಕರ’ ಎಂದು ಯಾರಾದರೂ ದೂರು ಕೊಟ್ಟರೆ ವೆಬ್‌ಸೈಟ್ ನಡೆಸುವವರು 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಎಂದು ಅದರಲ್ಲಿತ್ತು. ಈ ಪದಗಳಿಗೆ ಕಾಯ್ದೆಯಲ್ಲಿ ಅರ್ಥವೇ ಹೇಳಿರಲಿಲ್ಲ. ಕೇರಳದ ಸದಸ್ಯ ಪಿ. ರಾಜೀವ್ ಈ ನಿಯಮಗಳನ್ನು ರದ್ದು ಮಾಡಬೇಕು ಎಂದು ರಾಜ್ಯಸಭೆಯಲ್ಲಿ ನಿರ್ಣಯ ತಂದರು. 2012ರ ಮೇ 17ರಂದು ಚರ್ಚೆಯಾಯಿತು. ಒಂದು ಗೆಜೆಟ್ ಅಧಿಸೂಚನೆ ಇಡೀ ಸದನದ ಮುಂದೆ ಬಂದು ಸಾಲುಸಾಲಾಗಿ ಪ್ರಶ್ನೆಗೆ ಒಳಗಾದದ್ದು ಅಪರೂಪ. ಆಗ ಸಚಿವರಾಗಿದ್ದ ಕಪಿಲ್ ಸಿಬಲ್, ಸಂಬಂಧಪಟ್ಟವರನ್ನೆಲ್ಲ ಕರೆದು ಮಾತಾಡುತ್ತೇವೆ ಎಂದು ಭರವಸೆ ಕೊಟ್ಟರು. ನಿರ್ಣಯ ಸೋತಿತು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. 2013ರ ಮಾರ್ಚ್‌ನಲ್ಲಿ ಸರ್ಕಾರ ಸ್ಪಷ್ಟೀಕರಣ ಕೊಟ್ಟಿತು: 36 ಗಂಟೆ ಎಂದರೆ ದೂರಿಗೆ ಸ್ಪಂದಿಸುವ ಗಡುವು, ಬರಹ ತೆಗೆದುಹಾಕುವ ಗಡುವಲ್ಲ. ಅದೇ ತಿಂಗಳು ಲೋಕಸಭೆಯ ಅಧೀನ ಶಾಸನ ಸಮಿತಿ ಇದೇ ನಿಯಮಗಳ ಮೇಲೆ ವರದಿ ಕೊಟ್ಟಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೋರ್ಟ್ ಆದೇಶವೋ ಸರ್ಕಾರದ ಅಧಿಸೂಚನೆಯೋ ಬಂದಾಗ ತೆಗೆದರೆ ಸಾಕು ಎಂದು ಆ ನಿಯಮದ ವ್ಯಾಪ್ತಿಯನ್ನು ಕುಗ್ಗಿಸಿತು. ಇದೆಲ್ಲ ರಾಜ್ಯಸಭೆಯ ಒಂದು ಚರ್ಚೆಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಸದನದಲ್ಲಿ ಒಬ್ಬರು ಎದ್ದು ನಿಂತು ಆ ಪದಗಳನ್ನು ಗಟ್ಟಿಯಾಗಿ ಓದಿದ್ದರಿಂದ ಸರ್ಕಾರ ಉತ್ತರ ಕೊಡಲೇಬೇಕಾಯಿತು.

ಇನ್ನು ನಿಮಗೆ ನಿಜವಾಗಿ ಬೇಕಾಗಿರುವ ಬಾಗಿಲಿಗೆ ಬರುತ್ತೇನೆ. ರಾಜ್ಯಸಭೆಗೆ ತನ್ನದೇ ಆದ ಅಧೀನ ಶಾಸನ ಸಮಿತಿ ಇದೆ. 1964ರಲ್ಲಿ ಶುರುವಾಯಿತು. 15 ಸದಸ್ಯರು, ಸಭಾಪತಿ ನೇಮಿಸುತ್ತಾರೆ. ಸದನದ ಮುಂದೆ ಇಟ್ಟ ಆ ಕಾಗದಗಳನ್ನು ಓದುವುದು ಈ ಸಮಿತಿ ಮತ್ತು ಅದರ ಸಿಬ್ಬಂದಿ. ಪಕ್ಷಗಳ ಜಗಳ ಇಲ್ಲಿ ಕಡಿಮೆ, ಯಾಕೆಂದರೆ ಬಾಗಿಲು ಮುಚ್ಚಿ ಕೂರುತ್ತಾರೆ, ಕ್ಯಾಮೆರಾ ಇಲ್ಲ. ಲೋಕಸಭೆ ವಿಸರ್ಜನೆಯಾದರೆ ಅದರ ಸಮಿತಿಯೂ ಹೋಗುತ್ತದೆ. ರಾಜ್ಯಸಭೆಗೆ ವಿಸರ್ಜನೆಯೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ, ಉಳಿದವರು ಮುಂದುವರಿಯುತ್ತಾರೆ. ಚುನಾವಣೆಯ ಗಲಾಟೆಯ ಮಧ್ಯೆಯೂ ಈ ಫೈಲುಗಳು ತೆರೆದೇ ಇರುತ್ತವೆ. ಮೇಲ್ಮನೆಗೆ ಇದು ಹೇಳಿ ಮಾಡಿಸಿದ ಕೆಲಸ ಎಂದು ನನಗೆ ಅನ್ನಿಸುವುದು ಅದಕ್ಕೇ.

ಈ ಸಮಿತಿ ‘ನಿಯಮ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವುದಿಲ್ಲ. ಅದು ನೀತಿಯ ಮಾತು, ಬೇರೆ ಸಮಿತಿಗಳಿವೆ. ಇದು ಕೇಳುವುದು: ಕಾಯ್ದೆ ಕೊಟ್ಟ ಅಧಿಕಾರದೊಳಗೆ ಇದೆಯಾ? ಕಾಯ್ದೆಯಲ್ಲೇ ಬರಬೇಕಾದ ದೊಡ್ಡ ವಿಷಯವನ್ನು ನಿಯಮದಲ್ಲಿ ತೂರಿಸಿದ್ದಾರಾ? ಕಾಯ್ದೆ ಹೇಳದಿದ್ದರೂ ತೆರಿಗೆ ಹಾಕಿದ್ದಾರಾ, ಹಿಂದಿನ ದಿನಾಂಕದಿಂದ ಜಾರಿ ಮಾಡಿದ್ದಾರಾ, ಕೋರ್ಟಿಗೆ ಹೋಗುವ ದಾರಿ ಮುಚ್ಚಿದ್ದಾರಾ? ಭಾಷೆ ಅರ್ಥವಾಗುವ ಹಾಗಿದೆಯಾ? ಪ್ರಕಟಿಸುವುದರಲ್ಲಿ, ಸದನದ ಮುಂದೆ ಇಡುವುದರಲ್ಲಿ ತಡ ಮಾಡಿದ್ದಾರಾ? ಸಂಶಯ ಬಂದರೆ ಸಚಿವಾಲಯಕ್ಕೆ ಬರೆದು ಉತ್ತರ ಕೇಳುತ್ತದೆ. ಸಾಲದಿದ್ದರೆ ಇಲಾಖೆಯ ಕಾರ್ಯದರ್ಶಿಯನ್ನು ಕರೆಸುತ್ತದೆ. ಹೊರಗಿನವರ ಮಾತನ್ನೂ ಕೇಳುತ್ತದೆ. ಆಮೇಲೆ ಸದನಕ್ಕೆ ವರದಿ. ವರದಿಯ ಮೇಲೆ ಏನು ಮಾಡಿದಿರಿ ಎಂದು ಸಚಿವಾಲಯ ಮತ್ತೆ ಲೆಕ್ಕ ಒಪ್ಪಿಸಬೇಕು.

ಸಮಿತಿಯ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕೆಂಬ ಕಾನೂನು ಇಲ್ಲ. ಆದರೂ ಹಿರಿಯ ಅಧಿಕಾರಿ 15 ಸಂಸದರ ಮುಂದೆ ಕೂತು ‘ಈ ಮಾತು ಕಾಯ್ದೆಯ ಯಾವ ಸೆಕ್ಷನ್‌ನಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದಲ್ಲ, ಅದಕ್ಕೆ ಬೆಲೆ ಇದೆ.

ಸಮಿತಿ ಇನ್ನೊಂದು ಗಡುವನ್ನೂ ಕಾಯುತ್ತದೆ. ಕಾಯ್ದೆ ಜಾರಿಗೆ ಬಂದು ಆರು ತಿಂಗಳೊಳಗೆ ನಿಯಮಗಳು ಆಗಬೇಕು. ಆಗದಿದ್ದರೆ ಸಚಿವಾಲಯ ಎರಡೂ ಸದನಗಳ ಸಮಿತಿಗಳ ಬಳಿ ಹೋಗಿ ಕಾಲಾವಕಾಶ ಕೇಳಬೇಕು. ಪೌರತ್ವ ತಿದ್ದುಪಡಿ ಕಾಯ್ದೆ ನೆನಪಿದೆಯಲ್ಲ? 2019ರ ಡಿಸೆಂಬರ್‌ನಲ್ಲಿ ಪಾಸಾಯಿತು, 2020ರ ಜನವರಿ 10ರಿಂದ ಜಾರಿ ಎಂದರು. ನಿಯಮಗಳು ಬಂದದ್ದು 2024ರ ಮಾರ್ಚ್ 11ಕ್ಕೆ. ನಡುವೆ ಸಚಿವಾಲಯ ಮತ್ತೆಮತ್ತೆ ಸಮಯ ಕೇಳುತ್ತಾ ಹೋಯಿತು, ಸಮಿತಿಗಳು ಕೊಡುತ್ತಾ ಹೋದವು. ಕಾಯ್ದೆಯ ಪರ ಇದ್ದವರಿಗೂ ವಿರೋಧ ಇದ್ದವರಿಗೂ ನಾಲ್ಕು ವರ್ಷ ಅದು ಹೇಗೆ ನಡೆಯುತ್ತದೆ ಎಂದೇ ಗೊತ್ತಿರಲಿಲ್ಲ. ಸಮಯ ಕೊಡುವುದರಲ್ಲಿ ಸಮಿತಿಗಳು ಇನ್ನಷ್ಟು ಬಿಗಿಯಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಒಂದು ಸಂಶಯ ನಿಮಗೂ ಬಂದಿರಬಹುದು. ಸದನದ ಮುಂದೆ ಇಡದೇ ಹೋದರೆ ನಿಯಮ ಬಿದ್ದುಹೋಗುತ್ತದಾ? ಸಾಮಾನ್ಯವಾಗಿ ಇಲ್ಲ. 1979ರ ಅಟ್ಲಾಸ್ ಸೈಕಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಬರೀ ‘ಇಡಬೇಕು’ ಎಂದು ಹೇಳಿ, ಇಡದಿದ್ದರೆ ಏನು ಎಂದು ಹೇಳದಿದ್ದಾಗ, ಇಡಲಿಲ್ಲ ಎಂಬ ಕಾರಣಕ್ಕೆ ಆದೇಶ ರದ್ದಾಗುವುದಿಲ್ಲ ಎಂದಿತು. ಹಾಗಾಗಿ ‘ಸಂಸತ್ತಿನ ಮುಂದೆ ಇಟ್ಟಿಲ್ಲ, ಅದಕ್ಕೆ ಪಾಲಿಸುವುದಿಲ್ಲ’ ಎಂದು ತೂಕ ಅಳತೆಯವರ ಮುಂದೆ ವಾದ ಮಾಡಲು ಹೋಗಬೇಡಿ.

ಇನ್ನೊಂದು ಕಡೆಯಿಂದಲೂ ರಾಜ್ಯಸಭೆಯ ಕೈ ಕಟ್ಟಿಹೋಗುತ್ತದೆ. ಒಂದು ಮಸೂದೆಯನ್ನು ಧನ ಮಸೂದೆ, ಅಂದರೆ ತೆರಿಗೆ, ಸರ್ಕಾರದ ಖರ್ಚಿನಂಥ ವಿಷಯ ಮಾತ್ರ ಇರುವ ಮಸೂದೆ, ಎಂದು ಲೋಕಸಭಾಧ್ಯಕ್ಷರು ಪ್ರಮಾಣೀಕರಿಸಿದರೆ ರಾಜ್ಯಸಭೆಗೆ 14 ದಿನ, ಬರೀ ಶಿಫಾರಸು ಮಾಡಬಹುದು. ಹಾಗೆ ಧನ ಮಸೂದೆಯಾಗಿ ಬಂದ 2017ರ ಹಣಕಾಸು ಕಾಯ್ದೆಯಲ್ಲಿ ನ್ಯಾಯಮಂಡಳಿಗಳ (ಕೋರ್ಟಿನ ಹಾಗೆ ಕೆಲವು ಬಗೆಯ ವ್ಯಾಜ್ಯ ತೀರ್ಮಾನಿಸುವ ಸಂಸ್ಥೆಗಳ) ಸದಸ್ಯರ ನೇಮಕ, ಅವಧಿ, ಸಂಬಳವನ್ನೆಲ್ಲ ನಿಯಮ ಮಾಡಿ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರು. ಆ ಮಸೂದೆಗೆ ರಾಜ್ಯಸಭೆ ಐದು ತಿದ್ದುಪಡಿ ಸೂಚಿಸಿತು, ಲೋಕಸಭೆ ಐದನ್ನೂ ಒಪ್ಪಲಿಲ್ಲ. ಆ ಅಧಿಕಾರ ಬಳಸಿ ಮಾಡಿದ ನಿಯಮಗಳನ್ನು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಿಯಮ ಬಂದ ಮೇಲೆ ಹಿಡಿಯುವುದಕ್ಕಿಂತ, ಮಸೂದೆಯಲ್ಲಿ ‘ನಿಯಮದಲ್ಲಿ ಹೇಳುವ ಹಾಗೆ’ ಎಂಬ ಮಾತು ಬಂದಾಗಲೇ ಹಿಡಿಯುವುದು ಸುಲಭ. ಅದಕ್ಕೆಂದೇ ಮಸೂದೆಯ ಕೊನೆಯಲ್ಲಿ ಯಾವ ಯಾವ ವಿಷಯದಲ್ಲಿ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಹೋಗುತ್ತಿದೆ ಎಂಬ ಟಿಪ್ಪಣಿ ಇರುತ್ತದೆ. ಮಸೂದೆ ಓದುವವರಿಗೆ ನಾನು ಯಾವಾಗಲೂ ಹೇಳುವುದು, ಆ ಪುಟದಿಂದ ಶುರು ಮಾಡಿ ಅಂತ.

ಈಗ ನೀವು ಮಾಡಬಹುದಾದದ್ದು. ಮೊದಲು ನಿಯಮ ಯಾರದು ನೋಡಿ. ರಾಜ್ಯ ಸರ್ಕಾರದ ನಿಯಮವಾದರೆ ದೆಹಲಿಗೆ ಬರೆಯುವುದು ಸುಮ್ನೆ. ನಮ್ಮ ವಿಧಾನಮಂಡಲದಲ್ಲೂ ಅಧೀನ ಶಾಸನ ರಚನಾ ಸಮಿತಿ ಇದೆ, ಅಲ್ಲಿಗೆ ಬರೆಯಬೇಕು. ನಿಮ್ಮ ಪೊಟ್ಟಣದ ನಿಯಮ ಕೇಂದ್ರದ್ದು. ಆಹಾರ ಪದಾರ್ಥವಾದ್ದರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲ್ ನಿಬಂಧನೆಗಳೂ ನಿಮಗೆ ಅನ್ವಯ. ಅವೂ ಸಂಸತ್ತಿನ ಮುಂದೆ ಬರುತ್ತವೆ. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನಿಬಂಧನೆ ಮಾಡುವ ಮೊದಲು ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಲೇಬೇಕು. ನಿಮ್ಮ ಮಾತಿಗೆ ಅತಿ ಹೆಚ್ಚು ಬೆಲೆ ಬರುವುದು ಆ ಕರಡಿನ ಹೊತ್ತಿನಲ್ಲಿ. ಒಮ್ಮೆ ಅಂತಿಮವಾಗಿ ಗೆಜೆಟ್ ಸೇರಿತು ಅಂದರೆ ಬದಲಾಯಿಸಲು ಹತ್ತು ಪಟ್ಟು ಕಷ್ಟ.

ಇಲ್ಲಿ ಒಂದು ನೋವಿನ ಮಾತು. ಕರಡು, ಗೆಜೆಟ್ ಎರಡೂ ಹಿಂದಿ, ಇಂಗ್ಲಿಷ್‌ನಲ್ಲಿ ಬರುತ್ತವೆ. ರಾಜ್ಯಸಭೆಯಲ್ಲಿ ಸದಸ್ಯರು ಕನ್ನಡದಲ್ಲಿ ಮಾತಾಡಬಹುದು, ಅನುವಾದಕರಿದ್ದಾರೆ. ಕೇಂದ್ರದ ಕಾನೂನು, ನಿಯಮಗಳ ಅಧಿಕೃತ ಅನುವಾದವನ್ನು ನಮ್ಮ ಭಾಷೆಗಳಲ್ಲಿ ಪ್ರಕಟಿಸಲು 1973ರಿಂದಲೇ ಒಂದು ಕಾಯ್ದೆ ಇದೆ. ಆದರೂ ಮನೆಯಲ್ಲಿ ಹಪ್ಪಳ ಲಟ್ಟಿಸುವವರ ಮೇಲೆ ದಂಡ ಹಾಕುವ ನಿಯಮ ಅವರಿಗೆ ಓದಲು ಬರುವ ಭಾಷೆಯಲ್ಲಿ, ಅದೇ ದಿನ ಸಿಗುವುದಿಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಈ ವಿಷಯ ಎತ್ತಲು ಅವರಿಗೆ ಶೂನ್ಯ ವೇಳೆ ಇದೆ, ವಿಶೇಷ ಪ್ರಸ್ತಾಪ ಇದೆ, ಲಿಖಿತ ಪ್ರಶ್ನೆ ಇದೆ. ಅವರಿಗೂ ಒಂದು ಪತ್ರ ಬರೆಯಿರಿ.

ಸಮಿತಿಗೆ ಬರೆಯುವಾಗ ಹೀಗೆ ಮಾಡಿ. ವಿಳಾಸ: ಅಧ್ಯಕ್ಷರು, ಅಧೀನ ಶಾಸನ ಸಮಿತಿ, ರಾಜ್ಯಸಭಾ ಸಚಿವಾಲಯ, ನವದೆಹಲಿ. ಮೊದಲ ಸಾಲಿನಲ್ಲೇ ಅಧಿಸೂಚನೆಯ ಜಿ.ಎಸ್.ಆರ್. ನಂಬರ್, ದಿನಾಂಕ ಬರೆಯಿರಿ. ನಂಬರ್ ಇಲ್ಲದ ಪತ್ರ ಯಾವ ಫೈಲಿಗೆ ಸೇರಬೇಕು ಎಂದು ಗೊತ್ತಾಗದೆ ಅಲ್ಲೇ ಉಳಿಯುತ್ತದೆ. ಇಂಗ್ಲಿಷ್ ಅಥವಾ ಹಿಂದಿ ಪ್ರತಿಯನ್ನೂ ಜೊತೆಗಿಡಿ. ‘ಈ ನಿಯಮದಿಂದ ನಮಗೆ ಖರ್ಚು ಜಾಸ್ತಿ’ ಎಂದು ಬರೆದರೆ ಅದು ನೀತಿಯ ವಿಷಯ ಎಂದು ಪಕ್ಕಕ್ಕೆ ಇಡಬಹುದು. ಅದನ್ನು ಸಚಿವಾಲಯಕ್ಕೆ ಬರೆಯಿರಿ. ಸಮಿತಿಗೆ ಬರೆಯಬೇಕಾದದ್ದು ಬೇರೆ: ‘ಈ ಪದಕ್ಕೆ ಎರಡು ಅರ್ಥ ಬರುತ್ತದೆ, ಒಬ್ಬ ಇನ್ಸ್‌ಪೆಕ್ಟರ್ ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ’, ‘ಜಾರಿಗೆ ಇಷ್ಟೇ ದಿನ ಕೊಟ್ಟಿದ್ದಾರೆ, ಅಚ್ಚಾಗಿ ಬಂದ ಕವರುಗಳ ಬಗ್ಗೆ ಏನೂ ಹೇಳಿಲ್ಲ’, ‘ಕಾಯ್ದೆಯ ಇಂಥ ಸೆಕ್ಷನ್ ಇಷ್ಟು ಹೇಳುತ್ತದೆ, ನಿಯಮ ಅದಕ್ಕಿಂತ ಮುಂದೆ ಹೋಗಿದೆ’. ಇಂಥ ಮಾತಿನ ಪಕ್ಕದಲ್ಲಿ ನಿಮ್ಮದೇ ಪೊಟ್ಟಣದ ಒಂದು ಫೋಟೊ ಇಡಿ, ಯಾವ ಸಾಲು ಎಲ್ಲಿ ತೊಂದರೆ ಕೊಡುತ್ತಿದೆ ಎಂದು ಗುರುತು ಹಾಕಿ. ಒಂದೂವರೆ ಪುಟ ಸಾಕು. ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಂಡು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.